ಉದ್ದ ಕೊಳವೆಯೇ ನನಗೆ ಸರಿ: ನಾಲ್ಕು ಟೆಲಿಸ್ಕೋಪ್‌ಗಳ ಜೊತೆ ನನ್ನ ಪಾಡು

ಮೊದಲೇ ಹೇಳಿಬಿಡುತ್ತೇನೆ, ನಾನು ಉದ್ದ ಕೊಳವೆಯ ಪಕ್ಷ. 102 ಮಿ.ಮೀ. ಲೆನ್ಸ್, ಎಫ್ 15. ಅಂದರೆ ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ (ಫೋಕಲ್ ಲೆಂತ್) ಲೆನ್ಸಿನ ಅಗಲದ 15 ಪಟ್ಟು, ಒಂದೂವರೆ ಮೀಟರ್‌ಗಿಂತ ತುಸು ಜಾಸ್ತಿ. ನೋಡಿದವರೆಲ್ಲ ನೀರಿನ ಪೈಪ್ ಅನ್ನುತ್ತಾರೆ. ಅನ್ನಲಿ. ಇದಕ್ಕೆ ಬರುವ ಮುಂಚೆ ಇನ್ನೂ ಮೂರು ಟೆಲಿಸ್ಕೋಪ್‌ಗಳ ಜೊತೆ ರಾತ್ರಿ ಕಳೆದಿದ್ದೇನೆ. ಒಂದನ್ನು ಕೊಂಡು ಕೈ ಸುಟ್ಟುಕೊಂಡೆ. ಒಂದು ಈಗಲೂ ಮನೆಯಲ್ಲಿದೆ. ಇನ್ನೊಂದು ಗೆಳೆಯನದು, ಒಂದು ತಿಂಗಳ ಮಟ್ಟಿಗೆ ಕೇಳಿ ತಂದಿದ್ದೆ.

ಕೈ ಸುಟ್ಟಿದ್ದು 120 ಮಿ.ಮೀ. ಎಫ್ 5ರಲ್ಲಿ. ಗಿಡ್ಡ, ದಪ್ಪ, ಬಗಲಲ್ಲಿ ಇಟ್ಟುಕೊಂಡು ಓಡಾಡಬಹುದು. ‘ಗ್ರಹ ನೋಡೋಕೂ ಚೆನ್ನಾಗಿರುತ್ತೆ’ ಅಂತ ಮಾರಿದವರು ಹೇಳಿದ್ದರು. ಮೊದಲ ರಾತ್ರಿ ಗುರು ಗ್ರಹಕ್ಕೆ ಹಿಡಿದೆ. ಗುರುವಿನ ಸುತ್ತ ನೇರಳೆ ಬಣ್ಣದ ಮಬ್ಬು, ಯಾರೋ ಶಾಯಿ ಚೆಲ್ಲಿದ ಹಾಗೆ. ಪಟ್ಟಿಗಳು ಇದ್ದವೋ ಇಲ್ಲವೋ ಅನ್ನುವಂತೆ ಕಂಡವು. ಫೋಕಸ್ ಗುಂಡಿ ಹಿಂದೆ ಮುಂದೆ ತಿರುಗಿಸಿದ್ದೇ ಬಂತು, ಎಲ್ಲೂ ‘ಹಾಂ, ಇಲ್ಲಿ’ ಅನ್ನಿಸಲಿಲ್ಲ.

ಲೆನ್ಸ್ ಕೆಟ್ಟಿರಲಿಲ್ಲ, ತಪ್ಪು ನನ್ನದು. ಈ ಜಾತಿಯ ಲೆನ್ಸ್‌ನಲ್ಲಿ ಕ್ರೌನ್, ಫ್ಲಿಂಟ್ ಅಂತ ಎರಡು ಬಗೆಯ ಗಾಜು ಇರುತ್ತವೆ. ಎರಡೂ ಸೇರಿ ಎರಡು ಬಣ್ಣಗಳನ್ನು ಒಂದೇ ಜಾಗಕ್ಕೆ ತಂದು ಕೂರಿಸುತ್ತವೆ. ನೇರಳೆ ಮಾತ್ರ ಹೇಳಿದ ಮಾತು ಕೇಳದೆ ಬೇರೆ ಕಡೆ ಹೋಗಿ ಕೂರುತ್ತದೆ. ಕೊಳವೆ ಉದ್ದವಾದಷ್ಟೂ ಈ ಕಾಟ ಕಡಿಮೆ. ಹಳಬರದ್ದೊಂದು ಲೆಕ್ಕ ಇದೆ: ಲೆನ್ಸಿನ ಅಗಲ ಎಷ್ಟು ಇಂಚೋ ಅದರ ಮೂರು ಪಟ್ಟಾದರೂ ಎಫ್ ಸಂಖ್ಯೆ ಇರಬೇಕು. ನನ್ನ 120ಕ್ಕೆ 14 ಬೇಕಿತ್ತು, ಇದ್ದದ್ದು 5! ಉದ್ದ ಕೊಳವೆಯ 102 ಮಿ.ಮೀ. ಅಂದರೆ 4 ಇಂಚು, ಅದಕ್ಕೆ 12 ಸಾಕು, ಆದ್ದರಿಂದ ಎಫ್ 15 ಆರಾಮಾಗಿ ಪಾಸು. ಅದೇ ಲೆಕ್ಕದಲ್ಲಿ 6 ಇಂಚಿಗೆ 18 ಬೇಕು, ಅಂದರೆ ಸುಮಾರು ಎರಡೂ ಮುಕ್ಕಾಲು ಮೀಟರ್ ಕೊಳವೆ. ಆಸೆ ಏನೋ ಇದೆ, ಜಾಗ ಇಲ್ಲ.

ಗಿಡ್ಡ ಕೊಳವೆಯನ್ನು ಹೊಗಳಲೇಬೇಕಾದ ಒಂದು ವಿಷಯ: ಕೃತ್ತಿಕೆ ಇಡಿಯಾಗಿ ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಉದ್ದ ಕೊಳವೆಯಲ್ಲಿ ಕಾಣುವುದು ಹೆಚ್ಚೆಂದರೆ ಒಂದು ಡಿಗ್ರಿ ಆಕಾಶ, ಕೃತ್ತಿಕೆ ಹಿಡಿಸುವುದಿಲ್ಲ.

ಗೆಳೆಯನದು 102 ಮಿ.ಮೀ. ಅಪೋಕ್ರೊಮ್ಯಾಟ್, ಅಂದರೆ ಬಣ್ಣಗಳನ್ನೆಲ್ಲ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ತರುವ ಲೆನ್ಸ್, ಎಫ್ 7. ಬಣ್ಣದ ಕಾಟವೇ ಇಲ್ಲ. ಉದ್ದ ನನ್ನದರ ಅರ್ಧ. ಪಕ್ಕಪಕ್ಕ ಇಟ್ಟು ಶನಿ ನೋಡಿದೆವು, ವ್ಯತ್ಯಾಸ ಹೇಳಲು ಇಬ್ಬರೂ ತಡಕಾಡಿದೆವು. ಅದರ ಬೆಲೆಗೆ ನನ್ನಂಥದ್ದು ಹಲವು ಬರುತ್ತವೆ. ಫೋಟೊ ತೆಗೆಯುವವರು ಅದನ್ನೇ ಕೊಳ್ಳಲಿ. ನಾನು ಕಣ್ಣಲ್ಲಿ ನೋಡುವವನು.

ಮನೆಯಲ್ಲಿ ಉಳಿದಿರುವುದು 200 ಮಿ.ಮೀ. ಡಾಬ್ಸೋನಿಯನ್, ಲೆನ್ಸಿನ ಬದಲು ಕನ್ನಡಿಯಿಂದ ಬೆಳಕು ಹಿಡಿಯುವಂಥದ್ದು. ನನ್ನ ಲೆನ್ಸಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ಎಂ 13 ಎಂಬ ನಕ್ಷತ್ರಗುಚ್ಛ ಇದರಲ್ಲಿ ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. ಉದ್ದ ಕೊಳವೆಯಲ್ಲಿ ಅದೇ ಎಂ 13 ಒಂದು ಮಂಜಿನ ಉಂಡೆ. ಸುಳ್ಳು ಹೇಳಲಾರೆ, ಕನ್ನಡಿ ತಣ್ಣಗಾಗಿ, ಸರಿಯಾಗಿ ಹೊಂದಿಕೊಂಡು ಕೂತ ಮೇಲೆ ಗುರುವಿನ ವಿವರವೂ ಇದರಲ್ಲೇ ಜಾಸ್ತಿ. ಆದರೆ ಅದು ತಣ್ಣಗಾಗಲು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಗುರು ಕುದಿಯುವ ನೀರಿನ ತಳದಲ್ಲಿದ್ದಂತೆ ಕಾಣುತ್ತಾನೆ. ನನಗೆ ಸಿಗುವುದೇ ಮಲಗುವ ಮುಂಚಿನ 40 ನಿಮಿಷ.

ಆ 40 ನಿಮಿಷಕ್ಕೆ ಉದ್ದ ಕೊಳವೆ ಹೇಳಿ ಮಾಡಿಸಿದ್ದು. ಹೊರಗಿಟ್ಟು ಸ್ವಲ್ಪ ಹೊತ್ತಿಗೇ ಚಂದ್ರ ಕೆತ್ತಿದ ಹಾಗೆ ನಿಲ್ಲುತ್ತಾನೆ. 10 ಮಿ.ಮೀ.ನ ಸಾಧಾರಣ ಪ್ಲಾಸಲ್ ಐಪೀಸ್ (ಕಣ್ಣಿಡುವ ಕಡೆಯ ಪುಟ್ಟ ಲೆನ್ಸ್) ಹಾಕಿದರೆ 150 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗಿಡ್ಡದರಲ್ಲಿ ಇಷ್ಟಕ್ಕೆ 4 ಮಿ.ಮೀ. ಬೇಕು, ಸೂಜಿ ತೂತಿಗೆ ಕಣ್ಣಿಟ್ಟ ಹಾಗೆ. ಫೋಕಸ್ ವಿಷಯದಲ್ಲೂ ಉದ್ದ ಕೊಳವೆ ಬಲು ಉದಾರಿ. ಎಫ್ 15ರಲ್ಲಿ ಸುಮಾರು ಕಾಲು ಮಿ.ಮೀ. ಆಚೀಚೆ ಆದರೂ ನೋಟ ಕೆಡದು. ಎಫ್ 5ರಲ್ಲಿ ಆ ಸಲುಗೆ ಅದರ ಒಂಬತ್ತರಲ್ಲಿ ಒಂದು ಪಾಲು. ಮೊದಲ ರಾತ್ರಿ ನಾನು ಗುಂಡಿಯ ಜೊತೆ ಗುದ್ದಾಡಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಜೋಡಿ ನಕ್ಷತ್ರಗಳು. ಅಭಿಜಿತ್ ಪಕ್ಕದ ಎಪ್ಸಿಲಾನ್ ಲೈರೆ ಬರಿಗಣ್ಣಿಗೆ ಒಂದು ಚುಕ್ಕಿ, ಬೈನಾಕ್ಯುಲರ್‌ಗೆ ಎರಡು. ಉದ್ದ ಕೊಳವೆಯಲ್ಲಿ ನಾಲ್ಕು. ಪ್ರತಿಯೊಂದೂ ಪುಟ್ಟ ದುಂಡು ಚುಕ್ಕಿ, ಸುತ್ತ ಒಂದು ತೆಳು ಉಂಗುರ, ಜೋಡಿಗಳ ನಡುವೆ ಕಪ್ಪು ಸಂದು. ಡಾಬ್ಸೋನಿಯನ್ನಲ್ಲೂ ನಾಲ್ಕು ಕಾಣುತ್ತವೆ. ಆದರೆ ಅದರ ಕೊಳವೆಯ ಬಾಯಲ್ಲಿರುವ ಎರಡನೇ ಚಿಕ್ಕ ಕನ್ನಡಿ ಹಿಡಿದಿರುವ ಕಡ್ಡಿಗಳಿಂದಾಗಿ ಹೊಳೆಯುವ ನಕ್ಷತ್ರಕ್ಕೆಲ್ಲ ಮುಳ್ಳು ಮೂಡುತ್ತದೆ. ರೀಗಲ್‌ನ ಮಂಕು ಜೊತೆಗಾರನನ್ನು ಆ ಮುಳ್ಳಿನ ನಡುವೆ ಹುಡುಕಿ ನೋಡಿ, ಗೊತ್ತಾಗುತ್ತೆ.

ಈಗ ತಕರಾರು. ಅದು ಸಣ್ಣದಲ್ಲ.

ಗಿಡ್ಡ ಟೆಲಿಸ್ಕೋಪಿನ ಮೌಂಟನ್ನೇ (ಕೊಳವೆಯನ್ನು ಹೊತ್ತು ತಿರುಗಿಸುವ ಆಧಾರ) ಉದ್ದ ಕೊಳವೆಗೂ ಬಳಸೋಣ ಅಂದುಕೊಂಡೆ. ‘ಇಷ್ಟು ಕಿಲೋ ಹೊರುತ್ತದೆ’ ಅಂತ ಅದರ ಮೇಲೆ ಬರೆದಿತ್ತು. ನನ್ನ ಕೊಳವೆಯ ತೂಕ ಅದಕ್ಕಿಂತ ಕಡಿಮೆಯೇ. ಆದರೆ ಉದ್ದದ ಬಗ್ಗೆ ಯಾರೂ ಬರೆದಿರಲಿಲ್ಲ. ತೂಕ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ ಅದನ್ನು ಅಲುಗದಂತೆ ಹಿಡಿಯುವ ಕಷ್ಟ ನಾಲ್ಕು ಪಟ್ಟು. ಗುಂಡಿ ಮುಟ್ಟಿದರೆ ಸಾಕು, ಗುರು ಏಳೆಂಟು ಸೆಕೆಂಡ್ ಕುಣಿಯುತ್ತಿದ್ದ. ಕುಣಿತ ನಿಂತ ಮೇಲೆ ನೋಡಿದರೆ ಫೋಕಸ್ ಸರಿಯಿಲ್ಲ. ಮತ್ತೆ ಮುಟ್ಟು, ಮತ್ತೆ ಕಾಯಿ. ಫೋಕಸ್ಸಿನ ಉದಾರತನ ಇಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ.

ಟ್ರೈಪಾಡ್ ಕಾಲಿನ ಕೆಳಗೆ ರಬ್ಬರ್ ಇಟ್ಟೆ. ನಡುವೆ ನೀರಿನ ಕ್ಯಾನ್ ನೇತುಹಾಕಿದೆ. ಸುಮ್ನೆ ಉಸಿರು ಬಿಗಿಹಿಡಿದೂ ನೋಡಿದೆ. ಕೊನೆಗೆ ಆ ಮೌಂಟ್ ಬಿಟ್ಟು, ದಪ್ಪ ಮರದ ಕಾಲುಗಳ ಮೇಲೆ ಭಾರದ ಹಳೆ ಮೌಂಟ್ ಕೂರಿಸಿದೆ. ತೆಳ್ಳನೆಯ ಲೋಹದ ಕಾಲಿಗಿಂತ ಮರ ಅದುರನ್ನು ಬೇಗ ನುಂಗುತ್ತದೆ. ಈಗ ಎರಡು ಸೆಕೆಂಡಿಗೆ ಎಲ್ಲ ಶಾಂತ. ಆ ಮೌಂಟ್ ಮಾತ್ರ ಮೂಲೆಯಲ್ಲಿ ಕಾಯಂ ನಿಂತಿರುತ್ತದೆ, ಎತ್ತಿ ಒಳಗಿಡುವ ಮಾತೇ ಇಲ್ಲ. ದಿನವೂ ಕೊಳವೆ ಒಂದನ್ನೇ ತಂದು ಕೂರಿಸುತ್ತೇನೆ. ಬಾಗಿಲ ಚೌಕಟ್ಟಿಗೆ ತಾಗಿಸದೆ ತಿರುಗಿಸುವುದನ್ನು ಕಲಿಯಲು ಒಂದು ವಾರ ಹಿಡಿಯಿತು.

ಗಾಳಿ ಬೀಸಿದ ದಿನ ಆಟ ಬಂದ್. 17ನೇ ಶತಮಾನದಲ್ಲಿ ಹೆವೇಲಿಯಸ್ ಎಂಬ ಖಗೋಳಜ್ಞ ಸುಮಾರು 45 ಮೀಟರ್ ಉದ್ದದ ಟೆಲಿಸ್ಕೋಪನ್ನು ಎತ್ತರದ ಕಂಬಕ್ಕೆ ಹಗ್ಗದಿಂದ ನೇತುಹಾಕಿದ್ದ. ಆಗ ಇದ್ದದ್ದು ಒಂಟಿ ಗಾಜಿನ ಲೆನ್ಸ್, ಬಣ್ಣದ ಕಾಟ ತಪ್ಪಿಸಲು ಉದ್ದ ಮಾಡುವುದೊಂದೇ ದಾರಿ. ಸಣ್ಣ ಗಾಳಿಗೂ ಅದು ಅಲ್ಲಾಡುತ್ತಿತ್ತಂತೆ. ಒಂದೂವರೆ ಮೀಟರ್‌ಗೇ ಗೊಣಗುವ ನಾನು ಅವನನ್ನು ನೆನೆದು ಬಾಯಿ ಮುಚ್ಚಿಕೊಳ್ಳುತ್ತೇನೆ.

ಹಾಗಾದರೆ ಯಾವುದು ಕೊಳ್ಳಬೇಕು? ಗೆಲಾಕ್ಸಿ, ನೀಹಾರಿಕೆ ನೋಡುವ ಹುಚ್ಚಿದ್ದು, ಕತ್ತಲೆ ಆಕಾಶ ಸಿಗುವುದಾದರೆ ಡಾಬ್ಸೋನಿಯನ್. ಅನುಮಾನವೇ ಬೇಡ. ನಾನೂ ಅದನ್ನು ಮಾರಿಲ್ಲ. ಚಂದ್ರ, ಗ್ರಹ, ಜೋಡಿ ನಕ್ಷತ್ರ ಸಾಕು, ಬೀದಿ ದೀಪದ ಬೆಳಕಿದೆ, ಕನ್ನಡಿ ಹೊಂದಿಸುತ್ತಾ ಕೂರುವ ತಾಳ್ಮೆ ಇಲ್ಲ ಅನ್ನುವವರು ಉದ್ದ ಕೊಳವೆ ನೋಡಿ. ಹಳೆಯದು ಸಿಕ್ಕರೂ ಪರವಾಗಿಲ್ಲ, ನನ್ನದೂ ಹಳೆಯದೇ. ಆದರೆ ಮೌಂಟಿಗೆ ದುಡ್ಡು ಮೊದಲು ತೆಗೆದಿಡಿ, ಕೊಳವೆಗೆ ಆಮೇಲೆ.

ಕುರ್ಚಿ ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಗುರು ಕೆಳಗಿದ್ದಾಗ ಐಪೀಸ್ ನನ್ನ ಗಲ್ಲಕ್ಕೆ ಬರುತ್ತದೆ, ನೆತ್ತಿಗೆ ಬಂದಾಗ ಸೊಂಟಕ್ಕಿಂತ ಕೆಳಗೆ ಇಳಿಯುತ್ತದೆ. ಸದ್ಯಕ್ಕೆ ಮೊದಲರ್ಧ ನಿಂತು, ಉಳಿದರ್ಧ ಅಡಿಗೆಮನೆಯ ಸ್ಟೂಲ್ ಮೇಲೆ.