ಇನ್ವರ್ಟರೋ, ಹನ್ನೆರಡು ವೋಲ್ಟಿನ ದೀಪವೋ: ಮಲೆನಾಡಿನ ಮಳೆಗಾಲದ ಲೆಕ್ಕ

ಪೇಟೆಯಲ್ಲಿ ಕರೆಂಟು ಹೋದರೆ ಎರಡು ತಾಸಿನ ಮಾತು. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರದ ಒಳಗಿನ ಊರುಗಳಲ್ಲಿ ಆಷಾಢದ ಗಾಳಿಗೆ ಲೈನಿನ ಮೇಲೊಂದು ಮರ ಬಿತ್ತೆಂದರೆ ಮೂರು ದಿನ, ಕೆಲವೊಮ್ಮೆ ಐದು ದಿನ. ಅಂಗಡಿಯವರು ಒಪ್ಪಿಸುವ ಬ್ಯಾಕಪ್ ಲೆಕ್ಕವೆಲ್ಲ ಆ ಎರಡು ತಾಸಿನದು.

ಬ್ಯಾಟರಿಯ ವ್ಯವಸ್ಥೆಗಳಿಗೆಲ್ಲ ಒಂದೇ ಹೊರೆ ಕೊಟ್ಟು ನೋಡಿದ್ದು: 5 ವ್ಯಾಟಿನ ಎರಡು ದೀಪ ಸಂಜೆಯಿಂದ ಐದು ತಾಸು, 10 ವ್ಯಾಟಿನ ರೌಟರ್ ಆರು ತಾಸು, ಎರಡು ಮೊಬೈಲಿಗೆ ದಿನಕ್ಕೊಂದು ಪೂರ್ತಿ ಚಾರ್ಜು. ಫ್ಯಾನಿಲ್ಲ, ಆ ಚಳಿಯಲ್ಲಿ ಯಾರಿಗೆ ಬೇಕು? ದಿನಕ್ಕೆ ಸುಮಾರು 160 ವ್ಯಾಟ್-ಅವರ್ ಆಯಿತು.

ಮೊದಲು ಮನೆಮನೆಯಲ್ಲೂ ಇರುವ ಜೋಡಿ: 900 ವಿಎ ಇನ್ವರ್ಟರು, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ 12 ವೋಲ್ಟಿನ ಲೆಡ್ ಬ್ಯಾಟರಿ. ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್-ಅವರ್. ನೂರಕ್ಕೆ ಎಂಬತ್ತು ಬಳಸಿದರೆ 1440. ದಿನಕ್ಕೆ 160ರಂತೆ ಒಂಬತ್ತು ದಿನ ಬರಬೇಕಲ್ಲ? ಮೂರನೇ ದಿನ ಸಂಜೆಗೇ ಪೀಂ ಪೀಂ ಅನ್ನುತ್ತದೆ. ಕಾರಣ ಇನ್ವರ್ಟರೇ. ಅದು ಖಾಲಿ ಕೂತರೂ ಉಣ್ಣುತ್ತದೆ. ಮನೆಯ ಸ್ವಿಚ್ಚೆಲ್ಲ ಆರಿಸಿ ಬ್ಯಾಟರಿಯ ಕೆಂಪು ವಯರಿಗೆ ಕರೆಂಟು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ 1.1 ಆಂಪಿಯರ್, ಅಂದರೆ 13 ವ್ಯಾಟ್. ಇಪ್ಪತ್ನಾಲ್ಕು ತಾಸಿಗೆ 312 ವ್ಯಾಟ್-ಅವರ್, ನಾವು ಬಳಸುವುದರ ಹೆಚ್ಚುಕಡಿಮೆ ಎರಡರಷ್ಟು! ಅದರ ಮೇಲೆ ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಮಾಡುವ ನಷ್ಟ ಸೇರಿ ದಿನದ ಖರ್ಚು 500.

ಇದಕ್ಕೆ ಕಾಸಿಲ್ಲದ ಮದ್ದಿದೆ. ಮುಂಭಾಗದ ಬಟನ್ ಒತ್ತಿ ಇನ್ವರ್ಟರನ್ನು ಆರಿಸಿಡಿ, ಸಂಜೆ ಆರು ತಾಸು ಮಾತ್ರ ಹಾಕಿ, ಮೊಬೈಲುಗಳನ್ನೂ ಆಗಲೇ ಚಾರ್ಜಿಗಿಡಿ. ದಿನದ ಖರ್ಚು 270ರ ಆಸುಪಾಸಿಗೆ ಇಳಿದು ಅದೇ ಬ್ಯಾಟರಿ ಐದು ದಿನ ಬರುತ್ತದೆ. ಬಟನ್ ಆರಿಸಿದ್ದರೂ ಕರೆಂಟು ಬಂದಾಗ ಚಾರ್ಜಿಂಗ್ ನಡೆಯುತ್ತದೆಯೇ ಎಂದು ಬೇಸಿಗೆಯಲ್ಲೇ ನೋಡಿಟ್ಟುಕೊಳ್ಳಿ; ಹೆಚ್ಚಿನವುಗಳಲ್ಲಿ ನಡೆಯುತ್ತದೆ. ಈ ಲೆಕ್ಕವೆಲ್ಲ ಹೊಸ ಬ್ಯಾಟರಿಯದು. ನಾಲ್ಕೈದು ವರ್ಷ ದುಡಿದದ್ದರಿಂದ ಅರ್ಧ ಸಿಕ್ಕರೂ ದೊಡ್ಡದು.

ಎರಡನೆಯದು, ಇನ್ವರ್ಟರನ್ನೇ ಬಿಟ್ಟು ಅದೇ ಬ್ಯಾಟರಿಯಿಂದ ನೇರ 12 ವೋಲ್ಟ್. ದಿನಕ್ಕೆ 175 ವ್ಯಾಟ್-ಅವರ್ ಸಾಕು, ಎಂಟು ದಿನ ನಿರಾತಂಕ. ನಮ್ಮ ಮತ ಇದಕ್ಕೇ. ಆದರೆ ಕೈಕೆಲಸ ಬೇಡುತ್ತದೆ, ತಪ್ಪುವುದೂ ಅಲ್ಲೇ. ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ 5 ಆಂಪಿಯರ್ ಫ್ಯೂಸ್ ಇರಲೇಬೇಕು. ಶಾರ್ಟ್ ಆದರೆ ಈ ಬ್ಯಾಟರಿ ನೂರಾರು ಆಂಪಿಯರ್ ಕಕ್ಕುತ್ತದೆ, ವಯರು ಕೆಂಡವಾಗುತ್ತದೆ. ಬ್ಯಾಟರಿ ಪೂರ್ತಿ ಬರಿದಾಗದಂತೆ ಕಾಯುವ ಕೆಲಸ ಇನ್ವರ್ಟರಿನದಾಗಿತ್ತು, ಈಗ ಆ ಕಾವಲಿಲ್ಲ. ಹಾಗಾಗಿ 11.5 ವೋಲ್ಟಿಗೆ ಕಡಿದುಹಾಕುವ ಲೋ-ವೋಲ್ಟೇಜ್ ಕಟಾಫ್ ಮಾಡ್ಯೂಲ್ ಹಾಕಿ.

ಕರೆಂಟು ಬಂದು ಚಾರ್ಜಾಗುವಾಗ ಬ್ಯಾಟರಿ 14.4 ವೋಲ್ಟಿಗೆ ಏರುತ್ತದೆ. ಎಲ್‌ಇಡಿ ಸ್ಟ್ರಿಪ್ಪುಗಳು ಒಂದೇ ಮಳೆಗಾಲಕ್ಕೆ ಕಪ್ಪಾಗುವುದು ಇದರಿಂದಲೇ. 10ರಿಂದ 30 ವೋಲ್ಟಿನವರೆಗೆ ತಡೆಯುವ ಡಿಸಿ ಬಲ್ಬನ್ನೇ ಕೇಳಿ. ರೌಟರಿಗೆ, ಬ್ಯಾಟರಿ ಏರಿಳಿದರೂ 12 ವೋಲ್ಟನ್ನೇ ಕೊಡುವ ಬಕ್-ಬೂಸ್ಟ್ ಮಾಡ್ಯೂಲ್ ಹಾಕಿ.

ವಯರಿನ ವಿಷಯದಲ್ಲಿ ಜುಗ್ಗತನ ಬೇಡ. 15 ಮೀಟರ್ ದೂರಕ್ಕೆ, ಹೋಗಿಬರುವುದು ಸೇರಿ 30 ಮೀಟರ್, 1 ಚದರ ಮಿಲಿಮೀಟರ್ ತಾಮ್ರದ ವಯರಾದರೆ ರೌಟರಿನ 1 ಆಂಪಿಯರಿಗೆ ಅರ್ಧ ವೋಲ್ಟ್ ಕಳೆಯುತ್ತದೆ. ಮನೆಯಲ್ಲಿ ಬಿದ್ದಿದ್ದ ತೆಳು ಸ್ಪೀಕರ್ ವಯರು ಎಳೆದರೆ ಎರಡು ವೋಲ್ಟ್ ದಾರಿಯಲ್ಲೇ ಮಾಯ: ರೌಟರ್ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಜನ ರೌಟರನ್ನು ಬೈಯುತ್ತಾರೆ. ಕೊಟ್ಟಿಗೆಯ ಒಂದು ದೀಪಕ್ಕಾದರೆ ಆ ತೆಳು ವಯರೂ ನಡೆಯುತ್ತದೆ, 0.4 ಆಂಪಿಯರ್ ತಾನೆ.

ಇನ್ನು ಲಿಥಿಯಂ, ಅಂದರೆ 12.8 ವೋಲ್ಟ್ 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್. ಟ್ಯೂಬುಲರ್ ಐವತ್ತು ಕಿಲೋ ದಾಟಿದರೆ ಇದು ಹನ್ನೆರಡರ ಆಸುಪಾಸು. ನೀರು ಹಾಕುವ ಗೋಜಿಲ್ಲ, ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಇಟ್ಟರೂ ಹಾಳಾಗದು. ಟ್ಯೂಬುಲರಿನ ಪ್ಲೇಟಿಗೆ ಹಾಗಿಟ್ಟರೆ ಸಲ್ಫೇಟ್ ಕಟ್ಟುತ್ತದೆ. ‘ಬೇಗ ಚಾರ್ಜಾಗುತ್ತದೆ’ ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ. ಬ್ಯಾಟರಿ 50 ಆಂಪಿಯರ್ ನುಂಗಬಲ್ಲದು ನಿಜ, ಹಳೇ ಇನ್ವರ್ಟರು ಕೊಡುವುದು 10ರಿಂದ 15. ಮಳೆಯ ನಡುವೆ ಎರಡು ತಾಸು ಕರೆಂಟು ಇಣುಕಿದರೆ ಒಳಗೆ ಹೋಗುವುದು 20ರಿಂದ 30 ಎಎಚ್ ಅಷ್ಟೇ. ಚಾರ್ಜರ್ ಬದಲಿಸದೆ ಇದಕ್ಕೆ ದುಡ್ಡು ಸುರಿಯುವುದು ದಂಡ.

ಮತ್ತೊಂದು ಕಿರಿಕಿರಿ: ಲೆಡ್ ಬ್ಯಾಟರಿಯ ವೋಲ್ಟೇಜು ಮೆಲ್ಲಗೆ ಇಳಿದು ಎಚ್ಚರಿಸುತ್ತದೆ. ಲಿಥಿಯಂನದು ಕೊನೆಯವರೆಗೂ 13ರ ಹತ್ತಿರ ನಿಂತು, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಥಟ್ಟನೆ ಕಡಿಯುತ್ತದೆ. ಆಗ ಟರ್ಮಿನಲ್ಲಿನಲ್ಲಿ ಸೊನ್ನೆ ವೋಲ್ಟ್ ಕಂಡ ಕೆಲವು ಇನ್ವರ್ಟರುಗಳು ಕರೆಂಟು ಬಂದರೂ ಚಾರ್ಜಿಂಗನ್ನೇ ಶುರುಮಾಡವು. ಬ್ಯಾಟರಿಯನ್ನು ಎಬ್ಬಿಸಲು ಲಿಥಿಯಂ ಚಾರ್ಜರ್ ಒಂದು ಕೈಯಲ್ಲಿರಬೇಕು. ಸೋಲಾರ್ ಸೇರಿಸುವುದಾದರೆ ಬೇಸಿಗೆಯ ಆಸೆ ಬೇಡ. ದಟ್ಟ ಮೋಡದ ದಿನ 50 ವ್ಯಾಟಿನ ಪ್ಯಾನೆಲ್ಲು ಎರಡು-ಮೂರು ಎಎಚ್ ಕೊಟ್ಟರೆ ಪುಣ್ಯ.

ರೀಚಾರ್ಜಬಲ್ ‘ಇನ್ವರ್ಟರ್ ಬಲ್ಬು’ ಮೊದಲ ಸಂಜೆಗೆ ಚೆನ್ನ, ಎರಡನೆಯದಕ್ಕೆ ಇಲ್ಲ. ಅದರ ಗುಟ್ಟೊಂದಿದೆ: ಕರೆಂಟು ಹೋಯಿತೆಂದು ಅದು ತಿಳಿಯುವುದು ಮನೆಯ ವಯರಿಂಗಿನ ಸರ್ಕ್ಯೂಟ್ ಮೂಲಕ. ಗುಡುಗಿಗೆ ಹೆದರಿ ಮೇನ್ ಆರಿಸಿದಿರೋ, ಆ ದಾರಿ ಕಡಿದು ಬಲ್ಬು ಹತ್ತುವುದೇ ಇಲ್ಲ. ಕೆಟ್ಟಿತೆಂದು ಎಸೆಯಬೇಡಿ, ಹೋಲ್ಡರಿನಿಂದ ಬಿಚ್ಚಿ ಜೊತೆಗೆ ಬಂದ ಕೊಕ್ಕೆಯ ಟೊಪ್ಪಿಗೆ ಸಿಕ್ಕಿಸಿದರೆ ಉರಿಯುತ್ತದೆ.

ಪೆಟ್ರೋಲ್ ಜನರೇಟರು ದೀಪಕ್ಕಲ್ಲ, ಬಾವಿಯ ಪಂಪಿಗೆ ಮತ್ತು ಫ್ರಿಜ್ಜಿಗೆ. ಒಂದು ಎಚ್‌ಪಿ ಪಂಪು ಶುರುವಾಗುವಾಗ ನಾಲ್ಕೈದು ಪಟ್ಟು ಕರೆಂಟು ಎಳೆಯುವುದರಿಂದ 2 ಕೆವಿಎ ಜನರೇಟರು ಏದುಸಿರು ಬಿಟ್ಟು ನಿಲ್ಲುತ್ತದೆ. 3 ಕೆವಿಎಗಿಂತ ಕಡಿಮೆ ಕೊಳ್ಳಬೇಡಿ. ಕಳೆದ ವರ್ಷದ ಪೆಟ್ರೋಲನ್ನು ಕಾರ್ಬ್ಯುರೇಟರಿನಲ್ಲಿ ಬಿಟ್ಟರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಅಂಟಿಕೊಳ್ಳುತ್ತದೆ, ಬಳಸಿಯಾದ ಮೇಲೆ ಬಸಿದಿಡಿ. ಮಳೆ ತಾಗದಿರಲೆಂದು ಜಗಲಿಯಲ್ಲೋ ಹಿತ್ತಿಲ ಚಾವಡಿಯಲ್ಲೋ ಹಚ್ಚುವುದು ಬೇಡವೇ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ವಯರಿನ ಎರಡೂ ತುದಿಗೆ ಪಿನ್ನು ಹಾಕಿ ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಡುವ ಚಾಳಿ ಅದಕ್ಕಿಂತ ಘೋರ. ಆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11 ಸಾವಿರ ವೋಲ್ಟಿನವರೆಗೂ ಏರಬಲ್ಲದು, ಆಚೆ ತುದಿಯಲ್ಲಿ ಮರ ಕಡಿಯುತ್ತಿರುವ ಲೈನ್‌ಮ್ಯಾನ್ ಇರುತ್ತಾನೆ. ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಫ್ರಿಜ್ಜಿನ ಪ್ಲಗ್ಗನ್ನೇ ಎಕ್ಸ್‌ಟೆನ್ಶನ್ ವಯರಿನಿಂದ ನೇರ ಜನರೇಟರಿಗೆ ಚುಚ್ಚಿ.