ಮೈಸೂರು ಶೈಲಿ ಚಿತ್ರಕಲೆಯ ಕಿಟ್: ಮನೆಯ ಒಂದು ಮಗುವಿಗೆ ಸರಿ, ತರಗತಿಯ ನಲವತ್ತು ಮಕ್ಕಳಿಗೆ?

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಮನೆಯಲ್ಲೇ ಕಲಿಯಿರಿ ಎಂದು ಮಾರುವ ಕಿಟ್‌ಗಳು ಈಗ ಮೈಸೂರಿನ ಕಲಾಸಾಮಗ್ರಿ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಇಲ್ಲಿ ಪರೀಕ್ಷೆಗೆ ತೆಗೆದುಕೊಂಡದ್ದು 1,150 ರೂಪಾಯಿಯ ಒಂದು ಕಿಟ್. ನೋಡಿದ್ದು ಒಂದೇ ಕಣ್ಣಿನಿಂದ: ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಎಂಟನೇ ತರಗತಿಗೆ ಇದನ್ನು ಕೊಂಡೊಯ್ದರೆ ನಲವತ್ತು ಮಕ್ಕಳೂ ಕುಂಚ ಹಿಡಿಯಬಹುದೇ, ಇಲ್ಲ ನಾಲ್ಕು ಮಕ್ಕಳು ಹಿಡಿದು ಮಿಕ್ಕವರು ನೋಡುತ್ತ ನಿಲ್ಲಬೇಕೇ?

ಒಳಗಿರುವುದು ಇಷ್ಟು: ಎ4 ಅಳತೆಯ ಒಂದು ಬೋರ್ಡು, ಲಕ್ಷ್ಮಿಯ ರೇಖಾಚಿತ್ರದ ಟ್ರೇಸಿಂಗ್ ಹಾಳೆ, ಕಾರ್ಬನ್, ಗೆಸ್ಸೊಗೆ (ಚಿನ್ನದ ರೇಕಿನ ಕೆಳಗೆ ಗೆರೆ ತುಸು ಉಬ್ಬಲೆಂದು ಹಚ್ಚುವ ಬಿಳಿ ಮಿಶ್ರಣ) ಬಿಳಿ ಪುಡಿ, ಗೋಂದಿನ ಸೀಸೆ, ಮೆಹಂದಿಯದರಂಥ ಪ್ಲಾಸ್ಟಿಕ್ ಕೋನು, 10 ಮಿಲಿಯ ಆರು ಬಣ್ಣ, ಎರಡು ಕುಂಚ, ಐದು ಹಾಳೆ ಕೃತಕ ಚಿನ್ನದ ರೇಕು, ಇಂಗ್ಲಿಷಿನಲ್ಲಿ ಮಾತ್ರ ಇರುವ ಎಂಟು ಪುಟದ ಕೈಪಿಡಿ. ಬೋರ್ಡು ಚೆನ್ನಾಗಿದೆ, ನೀರು ತಾಗಿದರೂ ಬಾಗುವುದಿಲ್ಲ. ಕುಂಚದ ಕೂದಲು ಉದುರುವುದಿಲ್ಲ. ಬಣ್ಣವೂ ಪರವಾಗಿಲ್ಲ.

ತೊಂದರೆ ಬಿಳಿ ಪುಡಿಯಿಂದಲೇ ಶುರು. ಪೊಟ್ಟಣದ ಮೇಲೆ ಅದು ಯಾವ ಪುಡಿ ಎಂದು ಬರೆದಿಲ್ಲ. ಹಳೆಯ ಪದ್ಧತಿಯಲ್ಲಿ ಗೆಸ್ಸೊಗೆ ಸೀಸದ ಬಿಳಿಪುಡಿ, ಗ್ಯಾಂಬೋಜ್ ಎಂಬ ಹಳದಿ ಮರದಂಟು ಮತ್ತು ಗೋಂದು ಬಳಸುತ್ತಿದ್ದರು. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಗ್ಯಾಂಬೋಜ್ ಹೊಟ್ಟೆಗೆ ಹೋದರೆ ಭೇದಿ ಹಿಡಿಯುತ್ತದೆ. ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡುವ ಅಭ್ಯಾಸ ಹಲವು ಮಕ್ಕಳಿಗೆ ಇರುತ್ತದೆ. ಹಾಗಾಗಿ ಏನೆಂದು ಬರೆಯದ ಪುಡಿಯನ್ನು ತರಗತಿಯಲ್ಲಿ ಬಿಚ್ಚಲೇಬೇಡಿ. ಅದರ ಬದಲು ಹಾರ್ಡ್‌ವೇರ್ ಅಂಗಡಿಯ ಚಾಕ್ ಪೌಡರ್ ಸಾಕು.

ಗೆಸ್ಸೊ ಮಾಡುವ ಬಗೆ ಹೀಗೆ. ಗ್ರಂಧಿಗೆ ಅಂಗಡಿಯಲ್ಲಿ 100 ಗ್ರಾಂ ಗೋಂದು ತಂದು 200 ಮಿಲಿ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ. ಮೂರು ದಿನಕ್ಕೆ ಹುಳಿವಾಸನೆ ಬರುತ್ತದೆ. ಎರಡು ಲವಂಗ ಹಾಕಿಟ್ಟರೆ ಇನ್ನೆರಡು ದಿನ ತಡೆಯುತ್ತದೆ. ಚಾಕ್ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೂರು ಚಮಚ ಪುಡಿಗೆ ಒಂದು ಚಮಚ ಗೋಂದಿನ ನೀರು ಹಾಕಿ ಕಲಸಿ, ಕುಂಚದಲ್ಲಿ ಎತ್ತಿದರೆ ಜೇನಿನ ಹಾಗೆ ಎಳೆಯಾಗಿ ಇಳಿಯುವ ತನಕ ನೀರನ್ನು ಹನಿಹನಿಯಾಗಿ ಸೇರಿಸಿ. ಒಣಗಿದ ಗೆರೆಯನ್ನು ಬೆರಳಿನಲ್ಲಿ ಉಜ್ಜಿದಾಗ ಹಿಟ್ಟಿನಂತೆ ಉದುರಿದರೆ ಗೋಂದು ಕಡಿಮೆಯಾಗಿದೆ. ಬಿರುಕು ಬಿಟ್ಟು ಅಂಚು ಎದ್ದರೆ ಗೋಂದು ಹೆಚ್ಚಾಗಿದೆ, ಇಲ್ಲವೇ ದಪ್ಪಗೆ ಹಚ್ಚಿ ಬಿಸಿಲಿಗೆ ಇಟ್ಟಿದ್ದೀರಿ. ನೆರಳಿನಲ್ಲೇ ಒಣಗಬೇಕು. ನಲವತ್ತು ಮಕ್ಕಳಿಗೆ ಕಾಲು ಕೆಜಿ ಪುಡಿ ಧಾರಾಳ.

ಕೋನನ್ನು ಪಕ್ಕಕ್ಕಿಡಿ. ಅದರಿಂದ ಬರುವ ಗೆರೆ ದಾರದಷ್ಟು ದಪ್ಪ. ಅದು ತಂಜಾವೂರು ಶೈಲಿಗೆ ಹತ್ತಿರ. ಮೈಸೂರು ಶೈಲಿಯ ಗೆಸ್ಸೊ ಕಾಗದದ ಮೇಲೆ ಅಷ್ಟೇನೂ ಎದ್ದು ಕಾಣುವುದಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ. ಅದಕ್ಕೆ ಸೊನ್ನೆ ನಂಬರಿನ ಕುಂಚವೇ ಬೇಕು, ಒಂದರ ಮೇಲೊಂದು ಮೂರು ತೆಳು ಲೇಪ ಬೇಕು. ಕಿಟ್ಟಿನವರು ಕೆಲಸ ಬೇಗ ಮುಗಿಯಲಿ ಎಂದು ಕೋನು ಕೊಟ್ಟಿರಬಹುದು, ಆದರೆ ಈ ಶೈಲಿಯ ಜೀವ ಇರುವುದೇ ಆ ನವಿರಿನಲ್ಲಿ. ಅದನ್ನು ಸರ್ಕಾರಿ ಶಾಲೆಯ ಮಗುವಿಗೆ ಕಲಿಸದೆ ಬಿಡುವುದು ನ್ಯಾಯವಲ್ಲ.

ಕಾರ್ಬನ್ನೂ ಬೇಡ. ಈ ಕಲೆಯಲ್ಲಿ ಮೊದಲ ಗೆರೆ ಎಳೆಯುತ್ತಿದ್ದುದು ಹುಣಸೆ ಕಡ್ಡಿಯ ಇದ್ದಿಲಿನಲ್ಲಿ, ಮಂಡ್ಯದ ಹಳ್ಳಿಗಳಲ್ಲಿ ಹುಣಸೆ ಮರಕ್ಕೇನು ಬರ? ಪೆನ್ಸಿಲ್ ಗಾತ್ರದ ಕಡ್ಡಿಯ ಸಿಪ್ಪೆ ತೆಗೆದು ಮುಚ್ಚಳವಿರುವ ತಗಡಿನ ಡಬ್ಬಿಗೆ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಮಾಡಿ, ಕೆಂಡದ ಮೇಲೆ ಇಡಿ. ತೂತಿನಿಂದ ಹೊಗೆ ನಿಂತ ಮೇಲೆ ಇಳಿಸಿ ಪೂರ್ತಿ ಆರಲು ಬಿಡಿ. ಬಿಸಿಯಿರುವಾಗಲೇ ತೆರೆದರೆ ಗಾಳಿ ತಾಗಿ ಬೂದಿಯಾಗುತ್ತದೆ. ಬೆಂಕಿಯ ಕೆಲಸ ದೊಡ್ಡವರದ್ದು, ಕಡ್ಡಿ ಆಯ್ದು ತರುವುದು ಮಕ್ಕಳದ್ದು. ತಪ್ಪಿದ ಗೆರೆ ಬಟ್ಟೆಯಲ್ಲಿ ತಟ್ಟಿದರೆ ಹೋಗುತ್ತದೆ, ಕಾರ್ಬನ್ ಗೆರೆ ಹೋಗುವುದಿಲ್ಲ.

ಒಂದೇ ಲಕ್ಷ್ಮಿಯ ಚಿತ್ರ ಕೊಟ್ಟಿರುವುದೂ ಯೋಚಿಸಬೇಕಾದ ವಿಷಯ. ದೇವರ ಚಿತ್ರ ಈ ಪರಂಪರೆಯ ಮುಖ್ಯ ವಸ್ತು, ಒಪ್ಪೋಣ. ಆದರೆ ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ನವಿಲು, ಆನೆ, ಗಂಡಭೇರುಂಡ, ಬಳ್ಳಿಯ ಅಂಚು ಇದ್ದರೆ ಯಾರೂ ಹೊರಗುಳಿಯುವುದಿಲ್ಲ, ಗೆಸ್ಸೊ ಅಭ್ಯಾಸಕ್ಕೆ ನವಿಲಿನ ಗರಿಗಿಂತ ಒಳ್ಳೆಯದು ಸಿಗುವುದೂ ಕಷ್ಟ.

ಇನ್ನು ರೇಕು. ಕಿಟ್ಟಿನಲ್ಲಿರುವುದು ತಾಮ್ರ ಮತ್ತು ಸತುವಿನ ಮಿಶ್ರಲೋಹ; ಮೇಲೆ ವಾರ್ನಿಷ್ ಹೊಡೆಯದಿದ್ದರೆ ಕಪ್ಪಾಗುತ್ತದೆ, ವಾರ್ನಿಷ್ ಮಾತ್ರ ಕಿಟ್ಟಿನಲ್ಲಿ ಇಲ್ಲ. ಇದೇ ರೇಕು 25 ಹಾಳೆಯ ಪುಸ್ತಕವಾಗಿ ಬಿಡಿಯಾಗಿಯೂ ಸಿಗುತ್ತದೆ, ಹಾಳೆ 14 ಸೆಂಟಿಮೀಟರ್ ಚೌಕ. ಒಂದನ್ನು ನಾಲ್ಕು ಮಾಡಿದರೆ ನೂರು ತುಂಡು, ಮಗುವಿಗೆ ಎರಡರಂತೆ ಕೊಟ್ಟರೂ ಮಿಗುತ್ತದೆ. ಅಂಟಿಸುವ ಹೊತ್ತಿಗೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಗೆಸ್ಸೊ ಗೆರೆಯ ಮೇಲೆ ಗೋಂದು ಸವರಿ, ಬೆರಳಿನ ಗೆಣ್ಣು ತಾಗಿಸಿ ನೋಡಿ: ಒದ್ದೆಯಾಗಬಾರದು, ಅಂಟು ಅಂಟಾಗಿರಬೇಕು. ಒದ್ದೆಯಿದ್ದರೆ ರೇಕು ಮುಳುಗಿ ಮಂಕಾಗುತ್ತದೆ. ಪೂರ್ತಿ ಒಣಗಿಬಿಟ್ಟಿದ್ದರೂ ಹೆದರಬೇಕಿಲ್ಲ. ಮಗು ಬಾಯಿ ಅಗಲಿಸಿ, ಕನ್ನಡಿ ಒರೆಸುವಾಗ ಮಾಡುವಂತೆ 'ಹಾ' ಎಂದು ಬೆಚ್ಚಗಿನ ಉಸಿರನ್ನು ಗೆರೆಯ ಮೇಲೆ ಬಿಟ್ಟರೆ ಗೋಂದು ಮತ್ತೆ ಜಿಗುಟಾಗುತ್ತದೆ. ತಕ್ಷಣ ರೇಕು ಇಟ್ಟು, ಮೇಲೆ ತೆಳು ಕಾಗದ ಹಾಕಿ, ನುಣುಪು ಕಲ್ಲಿನಿಂದ ಮೆತ್ತಗೆ ಉಜ್ಜಬೇಕು. ಕಾಗದ ತೆಗೆದು ಒಣ ಕುಂಚದಲ್ಲಿ ಗುಡಿಸಿದಾಗ ಗರಿಯ ಗೆರೆಗಳಷ್ಟೇ ಹೊಳೆಯುತ್ತ ನಿಲ್ಲುತ್ತವೆ. ಉದುರಿದ ಚೂರನ್ನು ಬೆಂಕಿಪೊಟ್ಟಣದಲ್ಲಿ ಕೂಡಿಡಿ, ತೇಪೆಗೆ ಬರುತ್ತದೆ.

ಬಣ್ಣ ಹಚ್ಚುವುದು ಚಿನ್ನದ ಕೆಲಸದ ನಂತರವೇ: ಮೊದಲು ಆಕಾಶ, ಬೆಟ್ಟ; ಮುಖ ಮತ್ತು ಕೈ ಕೊನೆಗೆ. ಪೋಸ್ಟರ್ ಕಲರ್ ಆದರೆ 100 ಮಿಲಿಯ ಕೆಂಪು, ಹಳದಿ, ನೀಲಿ, ಕಪ್ಪು ಒಂದೊಂದು ಸೀಸೆ, ಬಿಳಿ ಎರಡು. ಬಿಳಿಯೇ ಮೊದಲು ಖಾಲಿಯಾಗುವುದು.

ಕಿಟ್ಟಿನ ಕೈಪಿಡಿ ಇದೆಲ್ಲ 'ಒಂದು ಮಧ್ಯಾಹ್ನದ ಕೆಲಸ' ಎನ್ನುತ್ತದೆ. ಆಗುವುದಿಲ್ಲ. ಗೆಸ್ಸೊ ಒಂದೊಂದು ಲೇಪವೂ ಒಣಗಬೇಕು, ಮಳೆಗಾಲದಲ್ಲಿ ಅದಕ್ಕೆ ಒಂದಿಡೀ ದಿನ ಹಿಡಿಯುತ್ತದೆ. 40 ನಿಮಿಷದ ಪೀರಿಯಡ್ ಲೆಕ್ಕದಲ್ಲಿ ಗೆರೆಗೆ ಒಂದು, ಗೆಸ್ಸೊಗೆ ಮೂರು, ರೇಕಿಗೆ ಒಂದು, ಬಣ್ಣಕ್ಕೆ ಎರಡು, ಒಟ್ಟು ಏಳು. ಕಾಗದಕ್ಕೆ ಹತ್ತು ಪೂರ್ತಿ ಕಾರ್ಟ್ರಿಜ್ ಹಾಳೆ ತಂದು ನಾಲ್ಕು ನಾಲ್ಕಾಗಿ ಕತ್ತರಿಸಿ ರಟ್ಟಿಗೆ ಅಂಟಿಸಿ. ಕುಂಚ ಇಬ್ಬರಿಗೆ ಒಂದು ಸಾಕು, ಒಬ್ಬರ ಲೇಪ ಒಣಗುವಾಗ ಇನ್ನೊಬ್ಬರ ಸರದಿ.

ಏಳು ಪೀರಿಯಡ್ ಯಾರು ತೆಗೆದುಕೊಳ್ಳಬೇಕು ಎಂಬುದು ಬೇರೆ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆರರಿಂದ ಎಂಟನೇ ತರಗತಿಗೆ ಅರೆಕಾಲಿಕ ಕಲಾಬೋಧಕರನ್ನು ಹೇಳುವುದು ಮಕ್ಕಳ ಸಂಖ್ಯೆ ನೂರು ದಾಟಿದ ಶಾಲೆಗೆ. ಅರವತ್ತು ಮಕ್ಕಳ ಹಳ್ಳಿ ಶಾಲೆಯಲ್ಲಿ ಇದು ಕನ್ನಡ ಅಥವಾ ವಿಜ್ಞಾನ ಮೇಷ್ಟ್ರ ಕೈಗೇ ಬರುತ್ತದೆ. ಅವರಿಗೆ ಬೇಕಿರುವುದು ಹಂತಹಂತದ ಚಿತ್ರಗಳಿರುವ ಕನ್ನಡ ಕೈಪಿಡಿ. ಈ ಕಿಟ್ಟಿನಲ್ಲಿ ಅದೊಂದು ಇದ್ದಿದ್ದರೂ ಉಳಿದ ಕುಂದುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಕ್ಯೂಆರ್ ಕೋಡಿನ ವಿಡಿಯೊ ಇದೆ, ಅದೂ ಇಂಗ್ಲಿಷಿನಲ್ಲೇ.

ಮೈಸೂರಿನ ಮನೆಯಲ್ಲಿ ಒಂದು ಮಗು, ಜೊತೆಗೆ ಕೂರುವ ದೊಡ್ಡವರು ಇದ್ದರೆ ಪುಡಿಯೊಂದನ್ನು ಬದಲಿಸಿ ಈ ಕಿಟ್ ಕೊಳ್ಳಬಹುದು. ಶಾಲೆಗೆ ಎಂದು ದಾನಿಗಳು ನಲವತ್ತು ಕಿಟ್ ಕೊಡಿಸಲು ಬಂದರೆ 46,000 ರೂಪಾಯಿ. ದಯವಿಟ್ಟು ಬೇಡ ಎನ್ನಿ. ಮಾದರಿಗೆ ಒಂದು ಕಿಟ್ ಸಾಕು, ಮಿಕ್ಕಿದ್ದನ್ನು ಬಿಡಿಯಾಗಿ ಕೊಳ್ಳಿ. ಉಳಿದ ಹಣದಲ್ಲಿ ಮಕ್ಕಳನ್ನು ಒಮ್ಮೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆತನ್ನಿ, ನವಿರು ಗೆರೆ ಎಂದರೇನೆಂದು ಅಲ್ಲಿ ಕಣ್ಣಾರೆ ಕಾಣುತ್ತದೆ. ಮಂಡ್ಯದಿಂದ ಸುಮಾರು 45 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ತರಲು ಹಿಂದಿನ ದಿನವೇ ಹೇಳಿ. ಗಂಡುಮಕ್ಕಳ ಬಸ್ ಚಾರ್ಜನ್ನೂ ಎಲ್ಲರ ಪ್ರವೇಶ ಟಿಕೆಟ್ಟನ್ನೂ ಮೊದಲೇ ಎತ್ತಿಡಿ. ಮನೆಯಿಂದ ಹಣ ತನ್ನಿ ಎಂದರೆ, ತರಲಾಗದ ಮಗು ಆ ದಿನ ಶಾಲೆಗೇ ಬರುವುದಿಲ್ಲ.