ಮಂಡಿಯ ಟೀವಿಯಲ್ಲಿ ರೈತರ ಖಾತೆ ಸಂಖ್ಯೆ: ಜ್ಯಾಂಗೋದ ‘ಸೇಫ್’ ಫಿಲ್ಟರ್ ಬಳಸುವವರ ಗಮನಕ್ಕೆ

ಕೋಲಾರದ ಎಪಿಎಂಸಿ ಪ್ರಾಂಗಣದ ಒಂದು ಟೊಮೆಟೊ ಮಂಡಿಗೆ ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೋ ಬಳಸಿ ನಾನು ಬರೆದುಕೊಟ್ಟಿದ್ದ ವೆಬ್ ಅಪ್ಲಿಕೇಶನ್, ಹರಾಜಿನ ಹೊತ್ತಿನಲ್ಲೇ, ಹತ್ತಾರು ರೈತರ ಮೊಬೈಲ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಗೋಡೆಯ ಟೀವಿಯ ಮೇಲೆ ತೋರಿಸಿಬಿಟ್ಟಿತು. ತಪ್ಪು ಸಂಪೂರ್ಣವಾಗಿ ನನ್ನದು. ಅದಕ್ಕೆ ಕಾರಣವಾದಂಥದೇ ಸಾಲು ನಿಮ್ಮ ಕೋಡಿನಲ್ಲೂ ಇರಬಹುದೆಂಬ ಆತಂಕದಿಂದ ಇದನ್ನು ಬರೆಯುತ್ತಿದ್ದೇನೆ.

ಲಾಟ್ ಸಂಖ್ಯೆ, ರೈತರ ಹೆಸರು, 15 ಕಿಲೋ ಬಾಕ್ಸ್‌ಗಳ ಲೆಕ್ಕ, ಕೂಗಿದ ಬೆಲೆ, ಇಷ್ಟನ್ನು ತೋರಿಸುವುದು ಆ ಪುಟದ ಕೆಲಸವಾಗಿತ್ತು. ಪೈಥಾನಿನಲ್ಲಿ ಪಟ್ಟಿಯನ್ನು ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಪಠ್ಯವಾಗಿಸಿ, ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಎಚ್‌ಟಿಎಂಎಲ್ ಅಚ್ಚಿನಲ್ಲಿ, ಜಾವಾಸ್ಕ್ರಿಪ್ಟ್ ಕೋಡ್ ಇಡುವ ಸ್ಕ್ರಿಪ್ಟ್ ಟ್ಯಾಗಿನೊಳಗೆ ಒಂದು ವೇರಿಯಬಲ್‌ಗೆ ನೇರವಾಗಿ ಕೊಟ್ಟಿದ್ದೆ. ಜ್ಯಾಂಗೋ ತನ್ನ ವಾಡಿಕೆಯಂತೆ ಉದ್ಧರಣ ಚಿಹ್ನೆಗಳನ್ನೆಲ್ಲ ಎಚ್‌ಟಿಎಂಎಲ್ ಸಂಕೇತಗಳಾಗಿ ಬದಲಿಸಿದ್ದರಿಂದ ಬ್ರೌಸರಿನ ಕನ್ಸೋಲಿನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ದೋಷ ಬಂತು. ಹಾಗೆ ಬದಲಿಸದಂತೆ ತಡೆಯುವ ‘ಸೇಫ್’ ಫಿಲ್ಟರ್ ಸೇರಿಸಿದೆ, ದೋಷ ಹೋಯಿತು, ಮುಂದಿನ ಕೆಲಸಕ್ಕೆ ಕೈಹಾಕಿದೆ. ಆ ಪಠ್ಯ ಸುರಕ್ಷಿತವಾಗಿದೆ ಎಂದು ನಾವು ಜ್ಯಾಂಗೋಗೆ ಕೊಡುವ ಮಾತೇ ಆ ಫಿಲ್ಟರ್. ದಾಖಲೆಯಲ್ಲಿದ್ದ ಷರಾ (ಟಿಪ್ಪಣಿ) ಕಾಲಂನಲ್ಲಿ ಯಾರು ಏನನ್ನಾದರೂ ಬರೆಯಬಹುದಾಗಿದ್ದಾಗ ಅಂಥ ಮಾತು ಕೊಡುವ ಹಕ್ಕು ನನಗಿರಲಿಲ್ಲ.

ಕೆಲವು ತಿಂಗಳ ಬಳಿಕ ವರ್ತಕರೊಬ್ಬರ ಗುಮಾಸ್ತರು, ತಮ್ಮ ಜಾಲತಾಣದ ಬೆಲೆ ಫಲಕದ ಕೋಡ್ ತುಣುಕನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಷರಾದಲ್ಲಿ ಅಂಟಿಸಿದರು. ಅದರ ಕೊನೆಯಲ್ಲಿ ಸ್ಕ್ರಿಪ್ಟನ್ನು ಮುಚ್ಚುವ ಟ್ಯಾಗ್ ಇತ್ತು. ಸ್ಕ್ರಿಪ್ಟ್ ಎಲ್ಲಿ ಮುಗಿಯಿತೆಂದು ತೀರ್ಮಾನಿಸುವುದು ಪುಟದ ಟ್ಯಾಗುಗಳನ್ನು ಓದಿ ಬಿಡಿಸುವ ಬ್ರೌಸರಿನ ಎಚ್‌ಟಿಎಂಎಲ್ ಪಾರ್ಸರ್; ಆ ಟ್ಯಾಗ್ ಜಾವಾಸ್ಕ್ರಿಪ್ಟಿನ ಉದ್ಧರಣ ಚಿಹ್ನೆಗಳ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅದು ನೋಡುವುದೇ ಇಲ್ಲ. ಹೀಗಾಗಿ ಸ್ಕ್ರಿಪ್ಟ್ ಅಲ್ಲಿಗೇ ಮುಗಿದು, ಉಳಿದ ದಾಖಲೆಗಳೆಲ್ಲ ಪುಟದ ಮೇಲೆ ಸಾದಾ ಪಠ್ಯವಾಗಿ ಬಂದವು. ಕನ್ನಡದ ಹೆಸರುಗಳು ಯುನಿಕೋಡ್ ಸಂಕೇತಗಳಾಗಿ ಓದಲಾಗದಂತಿದ್ದವು. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಇದ್ದವು. ಶ್ರೀನಿವಾಸಪುರದ ಕಡೆಯ ಹಿರಿಯ ರೈತರೊಬ್ಬರು ಟೀವಿಯ ಕೆಳಗೆ ನಿಂತು, “ಏನಪ್ಪಾ, ನನ್ನ ನಂಬರು ಅಲ್ಲಿ ಯಾಕೆ ಬಂದೈತೆ?” ಎಂದು ಕೇಳಿದರಂತೆ. ಮಂಡಿಯವರು ಫೋನಿನಲ್ಲಿ ಅದನ್ನು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮುಚ್ಚುವ ಟ್ಯಾಗಿನ ಹಿಂದೆಯೇ ಮತ್ತೊಂದು ಸ್ಕ್ರಿಪ್ಟನ್ನು ಯಾರಾದರೂ ಬೇಕೆಂದೇ ಬರೆದಿದ್ದರೆ, ಅದು ಆ ಪುಟ ತೆರೆದ ಪ್ರತಿಯೊಬ್ಬರ ಬ್ರೌಸರಿನಲ್ಲೂ ಓಡುತ್ತಿತ್ತು.

ಇದಕ್ಕೆ ಪರಿಹಾರ 2018ರಲ್ಲಿ ಬಂದ ಜ್ಯಾಂಗೋ 2.1ರಿಂದಲೇ ಇದೆ. ‘ಜೇಸನ್ ಸ್ಕ್ರಿಪ್ಟ್’ ಎಂಬ ಫಿಲ್ಟರ್ ಕೋನ ಚಿಹ್ನೆಗಳನ್ನೂ ಆಂಪರ್‌ಸ್ಯಾಂಡನ್ನೂ ಯುನಿಕೋಡ್ ಸಂಕೇತಗಳಾಗಿ ಬದಲಿಸಿ, ದತ್ತಾಂಶವನ್ನು ಜಾವಾಸ್ಕ್ರಿಪ್ಟಾಗಿ ಓಡದ ಪ್ರತ್ಯೇಕ ಟ್ಯಾಗಿನಲ್ಲಿ ಇಡುತ್ತದೆ; ಅದಕ್ಕೆ ಕೊಟ್ಟ ಐಡಿಯಿಂದ ಪಠ್ಯವನ್ನು ತೆಗೆದುಕೊಂಡು ‘ಜೇಸನ್ ಪಾರ್ಸ್’ ಮಾಡಿದರೆ ಸಾಕು. ಈ ಫಿಲ್ಟರಿಗೆ ಮೂಲ ಪಟ್ಟಿಯನ್ನೇ ಕೊಡಬೇಕು, ಮೊದಲೇ ಪಠ್ಯವಾಗಿಸಿ ಕೊಡಬಾರದು. ಹಾಗೆ ಓದಿಕೊಂಡ ಷರಾವನ್ನು ಮತ್ತೆ, ಪಠ್ಯವನ್ನು ಎಚ್‌ಟಿಎಂಎಲ್ ಎಂದೇ ಓದುವ ‘ಇನ್ನರ್ ಎಚ್‌ಟಿಎಂಎಲ್’ ಮೂಲಕ ಪುಟಕ್ಕೆ ಸೇರಿಸಿದರೆ ಅಪಾಯ ಮರಳಿ ಬರುತ್ತದೆ. ಅದನ್ನು ಸಾದಾ ಪಠ್ಯವಾಗಿಯೇ ಇಡುವ ‘ಟೆಕ್ಸ್ಟ್ ಕಂಟೆಂಟ್’ ಬಳಸಿ. ಪಿಎಚ್‌ಪಿಯಲ್ಲಿ ಬರೆಯುವವರು ಜೇಸನ್ ಎನ್‌ಕೋಡ್‌ಗೆ, ಕೋನ ಚಿಹ್ನೆಗಳನ್ನು ಹೀಗೆಯೇ ಸಂಕೇತಗಳಾಗಿಸುವ ‘ಹೆಕ್ಸ್ ಟ್ಯಾಗ್’ ಆಯ್ಕೆ ಕೊಡಬೇಕು.

ಆದರೆ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆಯ ಸಂಗತಿ. ನಾಲ್ಕು ಕಾಲಂ ತೋರಿಸಬೇಕಾದ ಪುಟಕ್ಕೆ ರೈತರ ಇಡೀ ದಾಖಲೆಯನ್ನೇ ಕಳಿಸಿದ್ದೆ. ಷರಾದಲ್ಲಿ ಆ ತುಣುಕು ಬೀಳುವ ಮೊದಲೂ, ಬ್ರೌಸರಿನಲ್ಲಿ ಪುಟದ ಮೂಲ ಕೋಡ್ ತೋರಿಸುವ ‘ವ್ಯೂ ಸೋರ್ಸ್’ ಒತ್ತಿದ ಯಾರಿಗಾದರೂ ಆ ಖಾತೆ ಸಂಖ್ಯೆಗಳು ಕಾಣುತ್ತಿದ್ದವು, ಮತ್ತು ಇದನ್ನು ಹೊಸ ಫಿಲ್ಟರೂ ತಡೆಯುವುದಿಲ್ಲ. ಈಗ ಸರ್ವರಿನಲ್ಲೇ ಬೇಕಾದ ಕ್ಷೇತ್ರಗಳನ್ನಷ್ಟೇ ಹೆಸರಿಸಿ ಆರಿಸುತ್ತೇನೆ.

ನಿಮ್ಮ ಟೆಂಪ್ಲೇಟುಗಳಲ್ಲಿ ‘ಸೇಫ್’ ಪದವನ್ನು ಇಂದೇ ಹುಡುಕಿ, ಪರೀಕ್ಷಾ ಸರ್ವರಿನ ಯಾವುದಾದರೂ ಷರಾದಲ್ಲಿ ಸ್ಕ್ರಿಪ್ಟ್ ಮುಚ್ಚುವ ಟ್ಯಾಗನ್ನು ಬರೆದು ಪುಟ ತೆರೆಯಿರಿ. ನನ್ನ ಅಪ್ಲಿಕೇಶನ್ನಿನಲ್ಲಿ ಹೀಗೆ ಒಡೆದುಹೋದ ಪುಟಗಳು ಇನ್ನೂ ಮೂರು ಸಿಕ್ಕವು.